ವಿಎಫ್‌ಎಕ್ಸ್ ಕೆಲಸ ಎಲ್ಲಿ ಹಿಡಿಯಬೇಕು? ದೊಡ್ಡ ಸ್ಟುಡಿಯೋ, ರೋಟೊ ವೆಂಡರ್, ನಮ್ಮ ಸಿನಿಮಾ, ಫ್ರೀಲಾನ್ಸ್, ವಿದೇಶ

ವಿಎಫ್‌ಎಕ್ಸ್ (ಸಿನಿಮಾದ ದೃಶ್ಯ ಪರಿಣಾಮ) ಕೋರ್ಸ್ ಮುಗಿಸಿ ಮೊದಲ ಕೆಲಸ ಹುಡುಕುತ್ತಿರುವವರು, ನಾಲ್ಕು ವರ್ಷ ರೋಟೊ (ದೃಶ್ಯದಲ್ಲಿರುವ ಆಕೃತಿಯ ಅಂಚಿಗೆ ಗೆರೆ ಎಳೆದು ಬೇರ್ಪಡಿಸುವ ಕೆಲಸ) ಮಾಡಿ ಸಾಕಾದವರು, 2025ರ ಫೆಬ್ರುವರಿಯಲ್ಲಿ ದೊಡ್ಡ ವಿಎಫ್‌ಎಕ್ಸ್ ಸಂಸ್ಥೆ ಟೆಕ್ನಿಕಲರ್ ಮುಚ್ಚಿದ ಮೇಲೆ ಇನ್ನೂ ನೆಲೆ ಸಿಗದವರು, ಇವರೆಲ್ಲರ ಎದುರಿಗಿರುವ ದಾರಿಗಳು ಹೆಚ್ಚೂಕಡಿಮೆ ಐದು. ಹಾಲಿವುಡ್ ಕೆಲಸ ಮಾಡುವ ದೊಡ್ಡ ಸ್ಟುಡಿಯೋದ ಬೆಂಗಳೂರು ಅಥವಾ ಮುಂಬೈ ಶಾಖೆ. ಹೊರಗಿನಿಂದ ರೋಟೊ, ಪೇಂಟ್ (ಬೇಡದ್ದನ್ನು ಅಳಿಸುವುದು), ಮ್ಯಾಚ್‌ಮೂವ್ (ಕ್ಯಾಮೆರಾ ಚಲನೆಯನ್ನು ಕಂಪ್ಯೂಟರಿನಲ್ಲಿ ಹೊಂದಿಸುವುದು) ತಂದು ಮಾಡಿಕೊಡುವ ವೆಂಡರ್. ಕನ್ನಡ, ತೆಲುಗು, ತಮಿಳು ಸಿನಿಮಾಗಳ ಕೆಲಸ ಹಿಡಿಯುವ ಸಣ್ಣ ಸ್ಟುಡಿಯೋ. ಮನೆಯಲ್ಲೇ ಕೂತು ಫ್ರೀಲಾನ್ಸ್. ಲಂಡನ್ ಅಥವಾ ಕೆನಡಾ. ಎಲ್ಲರೂ ಮೊದಲು ನೋಡುವುದು ಸಂಬಳದ ಅಂಕಿಯನ್ನು. ಈ ಕಸುಬಿನಲ್ಲಿ ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಶಾಟ್ ವಾಪಸ್ ಬಂದಾಗ ಆ ಹೆಚ್ಚಿನ ದಿನಗಳ ಖರ್ಚು ಯಾರ ತಲೆಗೆ?

ರೀಟೇಕ್ ಲೆಕ್ಕ

ವಿಎಫ್‌ಎಕ್ಸ್ ನಡೆಯುವುದು ಗುತ್ತಿಗೆ ಲೆಕ್ಕದಲ್ಲಿ. ನಿರ್ಮಾಣ ಸಂಸ್ಥೆ ಶಾಟ್‌ಗಳ ಪಟ್ಟಿ ಕಳಿಸುತ್ತದೆ, ಸ್ಟುಡಿಯೋ ಒಂದೊಂದಕ್ಕೂ ಇಷ್ಟಿಷ್ಟು ಮ್ಯಾನ್‌ಡೇ (ಒಬ್ಬರ ಒಂದು ದಿನದ ಕೆಲಸ) ಎಂದು ಬಿಡ್ ಹಾಕುತ್ತದೆ, ಒಟ್ಟು ಮೊತ್ತಕ್ಕೆ ಒಪ್ಪಂದವಾಗುತ್ತದೆ. ಆ ಮೊತ್ತ ಆಮೇಲೆ ಸುಲಭಕ್ಕೆ ಏರುವುದಿಲ್ಲ. ಶಾಟ್ ಮಾತ್ರ ಬದಲಾಗುತ್ತಲೇ ಇರುತ್ತದೆ. ಎಡಿಟ್‌ನಲ್ಲಿ 20 ಫ್ರೇಮ್ ಉದ್ದವಾಗುತ್ತದೆ, ನಿರ್ದೇಶಕರಿಗೆ ಹಿನ್ನೆಲೆಯ ಕಟ್ಟಡ ಬೇಡವೆನಿಸುತ್ತದೆ, ಪ್ಲೇಟ್‌ನ (ಕ್ಯಾಮೆರಾದಲ್ಲಿ ತೆಗೆದ ಮೂಲ ದೃಶ್ಯದ) ರೀಫ್ರೇಮ್ ಬದಲಾಗಿ ಟ್ರ್ಯಾಕಿಂಗ್ ಮತ್ತೆ ಮೊದಲಿಂದ ಶುರುವಾಗುತ್ತದೆ. ಈ ಹೆಚ್ಚುವರಿ ದಿನಗಳಿಗೆ ಯಾರಾದರೂ ದುಡ್ಡು ತೆರಲೇಬೇಕು. ನಿರ್ಮಾಪಕ ಕೊಡದಿದ್ದರೆ ಸ್ಟುಡಿಯೋ ಕೊಡಬೇಕು. ಸ್ಟುಡಿಯೋ ಕೊಡದಿದ್ದರೆ ಆರ್ಟಿಸ್ಟ್ ತನ್ನ ಸಂಜೆಗಳನ್ನೂ ಭಾನುವಾರಗಳನ್ನೂ ಕೊಡುತ್ತಾನೆ. 2013ರ ಫೆಬ್ರುವರಿಯಲ್ಲಿ ಲಾಸ್ ಏಂಜಲೀಸ್ ಪಕ್ಕದ ರಿದಮ್ ಅಂಡ್ ಹ್ಯೂಸ್ ದಿವಾಳಿ ಅರ್ಜಿ ಹಾಕಿತು. ಕೆಲವೇ ದಿನಗಳಲ್ಲಿ ‘ಲೈಫ್ ಆಫ್ ಪೈ’ ಕೆಲಸಕ್ಕೆ ಅದೇ ತಂಡಕ್ಕೆ ಆಸ್ಕರ್ ಬಂತು. ಅದರ ಶಾಖೆಗಳು ಮುಂಬೈ, ಹೈದರಾಬಾದ್‌ನಲ್ಲೂ ಇದ್ದವು. ಕೆಲಸ ಚೆನ್ನಾಗಿದ್ದ ಮಾತ್ರಕ್ಕೆ ಸಂಬಳ ಗಟ್ಟಿ ಎಂದುಕೊಳ್ಳುವವರು ಈ ಒಂದು ಪ್ರಸಂಗ ನೆನಪಿಟ್ಟುಕೊಂಡರೆ ಸಾಕು.

ಒಂದು ಶಾಟ್ ಹಿಡಿದೇ ನೋಡೋಣ. 24 ಎಫ್‌ಪಿಎಸ್‌ನಲ್ಲಿ 120 ಫ್ರೇಮ್, ಅಂದರೆ ಐದು ಸೆಕೆಂಡ್. ದುಪಟ್ಟಾ ಗಾಳಿಗೆ ಹಾರುತ್ತಿರುವಾಗ ಒಬ್ಬಾಕೆ ನಡೆದು ಬರುತ್ತಾಳೆ. ರೋಟೊಗೆ ಬಿಡ್ 3 ದಿನ. ಮೇಲ್ತೋಳು, ಮುಂದೋಳು, ಅಂಗೈ, ಬೆರಳು ಎಲ್ಲಕ್ಕೂ ಬೇರೆ ಬೇರೆ ಶೇಪ್ ಬೇಕು. ಚಲನೆ ದಿಕ್ಕು ಬದಲಿಸುವ ಕಡೆ ಮೊದಲು ಕೀ (ಆ ಫ್ರೇಮಿನಲ್ಲಿ ಶೇಪ್ ಇರುವ ಜಾಗದ ಗುರುತು) ಹಾಕಿ, ನಡುವೆ ಬೇಕಾದಷ್ಟೇ ಸೇರಿಸುತ್ತ ಹೋಗಬೇಕು. ದಿನ ಸಾಲದೆ ಗಡಿಬಿಡಿಯಲ್ಲಿ ಫ್ರೇಮ್ ಫ್ರೇಮಿಗೂ ಕೀ ಒತ್ತಿದರೆ ಅಂಚು ನಡುಗುತ್ತದೆ, ಗುಣಮಟ್ಟ ನೋಡುವ ಕ್ಯೂಸಿ ವಾಪಸ್ ಕಳಿಸುತ್ತದೆ. ಇದು ಆರ್ಟಿಸ್ಟ್ ತಪ್ಪಿನಿಂದ ಬಂದ ರೀಟೇಕ್. ಅದೇ ಶಾಟ್ ಅಪ್ರೂವ್ ಆದ ಮೇಲೆ ಕ್ಲೈಂಟ್ ‘ಹಿಂದೆ ನಿಂತಿರುವ ಇಬ್ಬರನ್ನೂ ಬೇರೆ ಮಾಡಿಕೊಡಿ’ ಎಂದರೆ ಅದು ಹೊಸ ಕೆಲಸ. ಎಷ್ಟೋ ಕಡೆ ಶಾಟ್‌ಗಳ ಲೆಕ್ಕ ಇಡುವ ಟ್ರ್ಯಾಕರ್‌ನಲ್ಲಿ ಎರಡಕ್ಕೂ ಒಂದೇ ಸ್ಟೇಟಸ್, ಅಪ್ರೈಸಲ್ ಹೊತ್ತಿಗೆ ಎರಡೂ ಆರ್ಟಿಸ್ಟ್ ಖಾತೆಗೇ ಜಮೆ. ಹಾಗಾಗಿ ಸಂದರ್ಶನದಲ್ಲಿ ನೇರವಾಗಿ ಕೇಳಿ: ಕ್ಲೈಂಟ್ ಬದಲಾವಣೆಯನ್ನೂ ಆಂತರಿಕ ರೀಟೇಕನ್ನೂ ಬೇರೆ ಬೇರೆ ಗುರುತು ಮಾಡುತ್ತೀರಾ? ಬದಲಾವಣೆ ಬಂದಾಗ ಶಾಟ್‌ಗೆ ಹೊಸ ಮ್ಯಾನ್‌ಡೇ ಸೇರಿಸುತ್ತೀರಾ? ಲೀಡ್ ಹತ್ತಿರ ಇದಕ್ಕೆ ನೇರ ಉತ್ತರ ಇಲ್ಲದಿದ್ದರೆ ಆ ಖರ್ಚು ನಿಮ್ಮ ಭಾನುವಾರಗಳಿಂದ ಹೋಗುತ್ತದೆ ಎಂದೇ ತಿಳಿಯಿರಿ.

ಉಳಿದ ಅಳತೆಗಳು ನಾಲ್ಕು: ಗಂಟೆಗೆ ಎಷ್ಟು ಬೀಳುತ್ತದೆ, ದುಡ್ಡು ಹೊತ್ತಿಗೆ ಬರುತ್ತದೆಯೇ, ರೀಲ್‌ಗೆ (ನಿಮ್ಮ ಕೆಲಸ ತೋರಿಸುವ ವಿಡಿಯೋಗೆ) ಏನು ಸಿಗುತ್ತದೆ, ಬಿಟ್ಟು ಹೋಗುವುದು ಎಷ್ಟು ಕಷ್ಟ.

ಗಂಟೆ ಲೆಕ್ಕವನ್ನು ಯಾರೂ ಹಾಕುವುದಿಲ್ಲ, ಹಾಕಲೇಬೇಕು. ತಿಂಗಳಿಗೆ 25,000 ರೂ., ವಾರಕ್ಕೆ ಆರು ದಿನ, ದಿನಕ್ಕೆ 9 ಗಂಟೆ ಅಂದರೆ 26 ದಿನಕ್ಕೆ 234 ಗಂಟೆ, ಗಂಟೆಗೆ 107 ರೂ. ಡೆಲಿವರಿ ತಿಂಗಳಲ್ಲಿ ದಿನಕ್ಕೆ 13 ಗಂಟೆಯಾದರೆ 338 ಗಂಟೆ, ಗಂಟೆಗೆ 74 ರೂ. ಬಿತ್ತು. ಇನ್ನೊಂದು ಕಡೆ 22,000 ರೂ., ವಾರಕ್ಕೆ ಐದು ದಿನ, 9 ಗಂಟೆ: 198 ಗಂಟೆಗೆ ಭಾಗಿಸಿದರೆ 111 ರೂ. ಮೂರು ಸಾವಿರ ಕಡಿಮೆ ಕೊಡುವ ಜಾಗವೇ ಇಲ್ಲಿ ಹೆಚ್ಚು ಕೊಟ್ಟಂತಾಯಿತು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹಾಕಿದ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48. ಓವರ್‌ಟೈಮ್ ಸೇರಿ ದಿನಕ್ಕೆ 10, ಮೂರು ತಿಂಗಳಲ್ಲಿ ಓವರ್‌ಟೈಮ್ 50 ಗಂಟೆ ಮೀರಬಾರದು, ಅದಕ್ಕೆ ಎರಡರಷ್ಟು ಕೂಲಿ. ಈ ಮಿತಿಗಳನ್ನು ಸಡಿಲಿಸುವ ಪ್ರಸ್ತಾಪ 2025ರಲ್ಲಿ ಸರ್ಕಾರದಿಂದಲೇ ಬಂದಿತ್ತು. ವಿಎಫ್‌ಎಕ್ಸ್ ಫ್ಲೋರ್‌ಗಳಲ್ಲಿ ಹೆಚ್ಚಾಗಿ ಸಿಗುವುದು ದುಪ್ಪಟ್ಟು ಕೂಲಿಯಲ್ಲ, ರಾತ್ರಿ ಊಟ, ಕ್ಯಾಬ್ ಮತ್ತು ಕಾಂಪ್ ಆಫ್ (ಹೆಚ್ಚು ದುಡಿದದ್ದಕ್ಕೆ ಬದಲಿ ರಜೆ). ಆ ಕಾಂಪ್ ಆಫ್‌ಗೂ 30 ಅಥವಾ 60 ದಿನದ ಗಡುವು ಇದ್ದರೆ, ಅದೇ ಅವಧಿಯಲ್ಲಿ ಮುಂದಿನ ಡೆಲಿವರಿ ಬಿದ್ದು ರಜೆ ಮಣ್ಣುಪಾಲಾಗುತ್ತದೆ. ಗಡುವು ಎಷ್ಟು ಎಂದು ಎಚ್‌ಆರ್ ಬಾಯಿಂದಲ್ಲ, ಮೇಲ್‌ನಲ್ಲಿ ಕೇಳಿ ತೆಗೆದುಕೊಳ್ಳಿ.

ದೊಡ್ಡ ಸ್ಟುಡಿಯೋದ ಶಾಖೆ

ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಪೈಪ್‌ಲೈನ್ (ಕೆಲಸ ಸಾಗುವ ವ್ಯವಸ್ಥೆ) ಗಟ್ಟಿ, ರೆಂಡರ್ ಫಾರ್ಮ್ (ಅಂತಿಮ ಚಿತ್ರ ತೆಗೆಯುವ ಕಂಪ್ಯೂಟರ್‌ಗಳ ಸಾಲು) ದೊಡ್ಡದು, ದಿನದ ಕೆಲಸ ನೋಡುವ ಡೈಲೀಸ್‌ನಲ್ಲಿ ಸೂಪರ್‌ವೈಸರ್ ಕೊಡುವ ಒಂದು ಕಾಮೆಂಟ್ ಒಂದು ಸೆಮಿಸ್ಟರ್‌ಗೆ ಸಮ. ಪಿಎಫ್, ಆರೋಗ್ಯ ವಿಮೆ, ರಾತ್ರಿ ಕ್ಯಾಬ್ ಬಗ್ಗೆ ಸಾಮಾನ್ಯವಾಗಿ ತಕರಾರಿಲ್ಲ. ರೀಟೇಕಿನ ಹೊರೆಯಲ್ಲಿ ಒಂದು ಪಾಲನ್ನು ಸಂಸ್ಥೆಯೇ ಹೊರುತ್ತದೆ. ದೊಡ್ಡ ಬಜೆಟ್ಟಿನ ಸಿನಿಮಾಗಳಲ್ಲಿ ಬದಲಾವಣೆಗೆ ಪ್ರತ್ಯೇಕ ಬಿಲ್ ಮಾಡುವ ಪದ್ಧತಿಯೂ ಇದೆ.

ತೊಂದರೆಗಳಲ್ಲಿ ಮೊದಲನೆಯದು ಗಡಿಯಾರ. ಲಂಡನ್ನಿಗಿಂತ ನಾವು ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಮುಂದೆ. ಅವರ ಮಧ್ಯಾಹ್ನದ ರಿವ್ಯೂ ನಮಗೆ ಸಂಜೆ, ಹೇಗೋ ನಿಭಾಯಿಸಬಹುದು. ಮಾಂಟ್ರಿಯಲ್ ಒಂಬತ್ತೂವರೆ–ಹತ್ತೂವರೆ ಗಂಟೆ ಹಿಂದೆ. ವ್ಯಾಂಕೂವರ್ ಮತ್ತು ಲಾಸ್ ಏಂಜಲೀಸ್ ಹನ್ನೆರಡೂವರೆ–ಹದಿಮೂರೂವರೆ. ಅವರು ಬೆಳಗ್ಗೆ 9ಕ್ಕೆ ಕೂತಾಗ ಇಲ್ಲಿ ರಾತ್ರಿ ಒಂಬತ್ತೂವರೆ ಅಥವಾ ಹತ್ತೂವರೆ. ಶೋ ಯಾವ ಊರಿನಿಂದ ನಡೆಯುತ್ತದೆ ಎಂಬುದೇ ನಿಮ್ಮ ನಿದ್ದೆಯನ್ನು ನಿರ್ಧರಿಸುತ್ತದೆ. ಆಫರ್ ಲೆಟರ್‌ನಲ್ಲಿ ಊರಿನ ಹೆಸರು ಇರುವುದಿಲ್ಲ, ‘ವ್ಯವಹಾರದ ಅಗತ್ಯಕ್ಕೆ ತಕ್ಕ ಪಾಳಿ’ ಎಂದಷ್ಟೇ ಇರುತ್ತದೆ. ಕೇಳಿಕೊಳ್ಳಿ. ರಾತ್ರಿ ಪಾಳಿಗೆ ಹೆಂಗಸರನ್ನು ಹಾಕುವ ಸಂಸ್ಥೆ ಸಾರಿಗೆ, ಭದ್ರತೆ ಕೊಡಬೇಕಾದ್ದು ನಿಯಮ. ಕ್ಯಾಬ್ ಮನೆ ಬಾಗಿಲಿಗೋ, ಹತ್ತಿರದ ಮುಖ್ಯರಸ್ತೆಗೋ ಎಂಬುದು ಸಣ್ಣ ಪ್ರಶ್ನೆಯಲ್ಲ.

ಎರಡನೆಯದು ರೀಲ್. ಟ್ರಸ್ಟೆಡ್ ಪಾರ್ಟ್‌ನರ್ ನೆಟ್‌ವರ್ಕ್‌ನಂಥ ಭದ್ರತಾ ನಿಯಮ ಪಾಲಿಸುವ ಫ್ಲೋರ್‌ಗಳಲ್ಲಿ ಫೋನ್ ಹೊರಗೆ, ಇಂಟರ್ನೆಟ್ ಇಲ್ಲ, ಯುಎಸ್‌ಬಿ ಇಲ್ಲ. ಸಿನಿಮಾ ಬಿಡುಗಡೆಯಾಗಿ ಅನುಮತಿ ಸಿಗುವವರೆಗೆ ನಿಮ್ಮ ಶಾಟ್ ನಿಮ್ಮದಲ್ಲ. ಎರಡು ವರ್ಷ ದುಡಿದೂ ತೋರಿಸಲು ಏನೂ ಇಲ್ಲದೆ ಕೆಲಸ ಹೋಗಬಹುದು. ಆದ್ದರಿಂದ ಶಾಟ್ ಸಂಖ್ಯೆ, ನೀವು ಮಾಡಿದ ಭಾಗ, ಮುಗಿದ ತಿಂಗಳು ಎಲ್ಲವನ್ನೂ ನಿಮ್ಮ ಸ್ವಂತ ಡೈರಿಯಲ್ಲಿ ಬರೆದಿಡಿ. ರಹಸ್ಯ ಒಪ್ಪಂದಕ್ಕೆ ಧಕ್ಕೆ ಬರದಂತೆ, ಚಿತ್ರ ಇಲ್ಲದೆ, ಕಥೆಯ ವಿವರ ಇಲ್ಲದೆ. ಸಿನಿಮಾ ಹೊರಬಂದ ದಿನ ರೀಲ್ ಅರ್ಜಿ ಹಾಕುವುದು ಆಗ ಸುಲಭ. ಎಂಡ್ ಕ್ರೆಡಿಟ್ಸ್‌ನಲ್ಲಿ ಹೆಸರು ಬರುತ್ತದೆ ಎಂಬ ಭರವಸೆ ಬೇಡ. ಅಲ್ಲಿ ಜಾಗ ಕಡಿಮೆ, ಮೊದಲು ಕತ್ತರಿ ಬೀಳುವುದು ಇಲ್ಲಿನ ಹೆಸರುಗಳಿಗೇ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು: ಈ ಶಾಖೆಗಳ ಆದಾಯದ ಬಹುಪಾಲು ಬರುವುದು ಮಾತೃಸಂಸ್ಥೆಯಿಂದ. ಅಲ್ಲಿ ನೀರು ನಿಂತರೆ ಇಲ್ಲಿ ನಲ್ಲಿ ಒಣಗುತ್ತದೆ. ಎಂಪಿಸಿ, ದಿ ಮಿಲ್, ಮಿಕ್ರೋಸ್ ಅನಿಮೇಷನ್‌ಗಳ ಒಡೆಯನಾಗಿದ್ದ ಟೆಕ್ನಿಕಲರ್ ಪ್ಯಾರಿಸ್‌ನಲ್ಲಿ ಹೂಡಿಕೆ ಸಿಗದೆ ಕುಸಿದಾಗ ಬೆಂಗಳೂರಿನಲ್ಲಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು, ಆ ತಿಂಗಳ ಸಂಬಳಕ್ಕೂ ಪರದಾಡಿದರು. ಅದಕ್ಕೆ ಹಿನ್ನೆಲೆಯಾಗಿ 2023ರ ಹಾಲಿವುಡ್ ಮುಷ್ಕರಗಳಿದ್ದವು. ಲೇಖಕರದ್ದು ಮೇ 2ರಿಂದ, ನಟರದ್ದು ಜುಲೈ 14ರಿಂದ ನವೆಂಬರ್ 9ರವರೆಗೆ. ಚಿತ್ರೀಕರಣ ನಿಂತರೆ ವಿಎಫ್‌ಎಕ್ಸ್‌ಗೆ ಪ್ಲೇಟ್ ಬರುವುದು ನಿಲ್ಲುವುದು ತಕ್ಷಣವಲ್ಲ, ತಿಂಗಳುಗಳ ನಂತರ. ಹಾಗಾಗಿ ಅಮೆರಿಕದ ಸುದ್ದಿ ಓದುವುದು ಇಲ್ಲಿನ ಆರ್ಟಿಸ್ಟ್‌ಗೆ ಕಾಲಹರಣವಲ್ಲ.

ಸಂಸ್ಥೆಯ ಆರೋಗ್ಯ ನೋಡಲು ಎರಡು ಅಗ್ಗದ ದಾರಿಗಳಿವೆ. ಭವಿಷ್ಯ ನಿಧಿ ಸಂಸ್ಥೆಯಾದ ಇಪಿಎಫ್‌ಒ ವೆಬ್‌ಸೈಟಿನ ಎಸ್ಟಾಬ್ಲಿಷ್‌ಮೆಂಟ್ ಸರ್ಚ್‌ನಲ್ಲಿ ಸಂಸ್ಥೆಯ ಹೆಸರು ಹಾಕಿದರೆ ಯಾವ ತಿಂಗಳ ಪಿಎಫ್ ಯಾವ ದಿನ ಕಟ್ಟಿದರು, ಎಷ್ಟು ಜನಕ್ಕೆ ಕಟ್ಟಿದರು ಎಂಬುದು ಕಾಣುತ್ತದೆ. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ತಿಂಗಳಿನಿಂದ ತಿಂಗಳಿಗೆ ತಡವಾಗುತ್ತಿದ್ದರೆ ಅಥವಾ ತಲೆ ಎಣಿಕೆ ಇಳಿಯುತ್ತಿದ್ದರೆ ಅದು ಎಚ್‌ಆರ್ ಹೇಳುವ ಯಾವ ಮಾತಿಗಿಂತ ದೊಡ್ಡ ಸೂಚನೆ. ಎರಡನೆಯದು ಕಂಪನಿ ವ್ಯವಹಾರಗಳ ಸಚಿವಾಲಯದ ತಾಣ. ಅಲ್ಲಿ ಸಣ್ಣ ಶುಲ್ಕಕ್ಕೆ ಕಂಪನಿಯ ವಾರ್ಷಿಕ ಲೆಕ್ಕಪತ್ರ ಸಿಗುತ್ತದೆ. ಆದಾಯ ಯಾರಿಂದ ಬರುತ್ತದೆ, ಬರಬೇಕಾದ ಬಾಕಿ ಎಷ್ಟು ಎಂದು ನೋಡಲು ಲೆಕ್ಕಪರಿಶೋಧಕರೇ ಆಗಬೇಕಿಲ್ಲ.

ಪ್ರಾಜೆಕ್ಟ್ ಕಾಂಟ್ರಾಕ್ಟ್ ಕೊಟ್ಟರೆ ಅವಧಿ ಮುಗಿಯುವ ದಿನಾಂಕವನ್ನೂ ನೋಡಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷ ಮುಗಿದರೆ ಗ್ರಾಚ್ಯುಟಿ ಸಿಗುತ್ತದೆ. ಮೊದಲಿದ್ದಂತೆ ಐದು ವರ್ಷ ಕಾಯಬೇಕಿಲ್ಲ. 11 ತಿಂಗಳ ಕಾಂಟ್ರಾಕ್ಟ್ ಏಕೆ ಎಂಬ ಪ್ರಶ್ನೆಗೆ ಇನ್ನು ಮುಂದೆ ಇದೂ ಒಂದು ಉತ್ತರವಾಗಬಹುದು.

ರೋಟೊ, ಪೇಂಟ್ ವೆಂಡರ್

ಬಾಗಿಲು ತೆರೆದಿರುವುದು ಇಲ್ಲಿಯೇ ಹೆಚ್ಚು. ಇಂಜಿನಿಯರಿಂಗ್ ಬೇಡ, ಮೂರು ತಿಂಗಳ ತರಬೇತಿ, ಸಿಲುಯೆಟ್ ಅಥವಾ ಮೋಕಾ ಸಾಫ್ಟ್‌ವೇರ್ ಕೈಗೆ ಹತ್ತಿದರೆ ಕೆಲಸ. ಇಲ್ಲಿ ರೀಟೇಕ್ ಲೆಕ್ಕ ಅತ್ಯಂತ ಕಟು, ಏಕೆಂದರೆ ವೆಂಡರ್‌ಗೆ ಕೆಲಸ ಕೊಡುವುದು ನಿರ್ಮಾಪಕನಲ್ಲ, ಮೇಲಿನ ಸ್ಟುಡಿಯೋ. ಆ ಸ್ಟುಡಿಯೋ ತನ್ನ ಬಿಡ್ ಉಳಿಸಿಕೊಳ್ಳಲು ಕೆಳಗೆ ಹಿಂಡುತ್ತದೆ, ವೆಂಡರ್ ತನ್ನ ಕೆಳಗಿರುವವರನ್ನು ಹಿಂಡುತ್ತಾನೆ. ಕೆಳಗೆ ಇರುವುದು ಆರ್ಟಿಸ್ಟ್ ಮಾತ್ರ. ದಿನಕ್ಕಿಷ್ಟು ಫ್ರೇಮ್ ಎಂಬ ಟಾರ್ಗೆಟ್‌ನಲ್ಲಿ ಬರೀ ಫ್ರೇಮ್ ಎಣಿಸುತ್ತಾರೆ, ಫ್ರೇಮ್‌ನಲ್ಲಿ ಏನಿದೆ ಎಂದು ನೋಡುವುದಿಲ್ಲ. ನಿಂತಿರುವ ಕಾರಿನ 100 ಫ್ರೇಮ್ ಅರ್ಧ ದಿನದ ಕೆಲಸ, ಕೆದರಿದ ಕೂದಲಿನ 100 ಫ್ರೇಮ್ ಮೂರು ದಿನದ್ದು. ಶಾಟ್‌ಗಳನ್ನು ಸುಲಭ, ಮಧ್ಯಮ, ಕಠಿಣ ಎಂದು ಬೇರ್ಪಡಿಸಿ ಟಾರ್ಗೆಟ್ ಕೊಡುವ ವೆಂಡರ್ ಸಿಕ್ಕರೆ ಅದು ಒಳ್ಳೆಯ ಲಕ್ಷಣ.

ಬಾಂಡ್ (ಇಷ್ಟು ಕಾಲ ಕೆಲಸ ಬಿಡುವುದಿಲ್ಲ, ಬಿಟ್ಟರೆ ಹಣ ಕೊಡುತ್ತೇನೆ ಎಂಬ ಒಪ್ಪಂದ) ಬಗ್ಗೆ ಎರಡು ತಪ್ಪು ತಿಳಿವಳಿಕೆ ಓಡಾಡುತ್ತಿವೆ. ಒಂದು, ಸಹಿ ಹಾಕಿದರೆ ಜೀವನವೇ ಅಡ ಇಟ್ಟಂತೆ. ಇನ್ನೊಂದು, ಬಾಂಡ್‌ಗೆ ಕೋರ್ಟಿನಲ್ಲಿ ಬೆಲೆಯೇ ಇಲ್ಲ. ಎರಡೂ ಸುಳ್ಳು. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ರೂ. ಕೊಡಬೇಕೆಂಬ ಷರತ್ತನ್ನು ಎತ್ತಿಹಿಡಿಯಿತು. ಅಲ್ಲಿ ಮುಖ್ಯವಾಗಿದ್ದು ನೇಮಕಾತಿಗೆ ಬ್ಯಾಂಕಿಗೆ ಆಗುವ ಖರ್ಚು ಮತ್ತು ಆ ಮೊತ್ತ ಹುದ್ದೆಗೆ ಹೊಂದುವಂತಿದ್ದದ್ದು. ಮೂರು ತಿಂಗಳು ಹಳೆಯ ಪ್ಲೇಟ್ ಮೇಲೆ ಅಭ್ಯಾಸ ಮಾಡಿಸಿ 2 ಲಕ್ಷ ಕೇಳುವ ವೆಂಡರ್‌ಗೆ ಆ ವಾದ ಅಷ್ಟು ಸಲೀಸಲ್ಲ. ಆದರೂ ಸಹಿಗೆ ಮುಂಚೆ ಮೂರು ಸಾಲು ಹುಡುಕಿ: ಮೊತ್ತ ತಿಂಗಳು ಕಳೆದಂತೆ ಇಳಿಯುತ್ತದೆಯೇ, ಅವರೇ ತೆಗೆದುಹಾಕಿದರೆ ಮನ್ನಾ ಆಗುತ್ತದೆಯೇ, ತರಬೇತಿಯ ಅವಧಿ ಸೇವೆಯಲ್ಲಿ ಸೇರುತ್ತದೆಯೇ. ಮೂಲ ಮಾರ್ಕ್ಸ್ ಕಾರ್ಡ್ ಅಥವಾ ಸಹಿ ಹಾಕಿದ ಖಾಲಿ ಚೆಕ್ ಕೇಳಿದರೆ ಎದ್ದು ಬನ್ನಿ. ಅದಕ್ಕೆ ವಿನಾಯಿತಿ ಇಲ್ಲ.

ಸಂಬಳದ ಚೀಟಿಯಲ್ಲಿ ನೋಡಬೇಕಾದ್ದು: ವೇತನ 21,000 ರೂ. ಒಳಗಿದ್ದರೆ ಇಎಸ್‌ಐ ಇರಬೇಕು, ನಿಮ್ಮಿಂದ ಶೇ 0.75, ಸಂಸ್ಥೆಯಿಂದ ಶೇ 3.25. ಪಿಎಫ್ ಎರಡೂ ಕಡೆಯಿಂದ ಶೇ 12. ‘ಸ್ಟೈಪೆಂಡ್’ ಅಥವಾ ‘ಕನ್ಸಲ್ಟೆಂಟ್ ಫೀ’ ಹೆಸರಲ್ಲಿ ಕೊಟ್ಟು ಶೇ 10 ಟಿಡಿಎಸ್ ಮುರಿದರೆ ನೀವು ಕಾಗದದಲ್ಲಿ ನೌಕರರೇ ಅಲ್ಲ. ಪಿಎಫ್ ಇಲ್ಲ, ರಜೆ ಇಲ್ಲ, ನಾಳೆ ಬ್ಯಾಂಕ್ ಸಾಲಕ್ಕೆ ಹೋದರೆ ಸ್ಯಾಲರಿ ಸ್ಲಿಪ್ ಇಲ್ಲ. ಒಂಬತ್ತು ಗಂಟೆ ಫ್ಲೋರ್‌ನಲ್ಲಿ ಕೂರಿಸಿ ಹಾಜರಿ ಹಾಕಿಸುವವರು ಕನ್ಸಲ್ಟೆಂಟ್ ಎಂದು ಕರೆಯುವುದು ಯಾವ ನ್ಯಾಯವೋ.

ಯಂತ್ರದ ಮಾತೂ ಇಲ್ಲಿಯೇ ಬರಬೇಕು. ಕಾಂಪ್ (ಬೇರೆ ಬೇರೆ ಪದರಗಳನ್ನು ಜೋಡಿಸಿ ಶಾಟ್ ಮುಗಿಸುವ ಕೆಲಸ) ಮಾಡುವ ಸಾಫ್ಟ್‌ವೇರ್ ನ್ಯೂಕ್‌ನಲ್ಲಿ 2021ರಲ್ಲೇ ಕಾಪಿಕ್ಯಾಟ್ ಎಂಬ ಮೆಷಿನ್ ಲರ್ನಿಂಗ್ ಸಾಧನ ಬಂತು. ಹಲವು ಫ್ರೇಮ್ ಮಾದರಿ ಕೊಟ್ಟರೆ ಉಳಿದ ಫ್ರೇಮ್‌ಗಳನ್ನು ತಾನೇ ಮಾಡಲು ನೋಡುತ್ತದೆ. ಮೋಕಾ, ಸಿಲುಯೆಟ್‌ಗಳಲ್ಲೂ ಈಗ ಮೆಷಿನ್ ಲರ್ನಿಂಗ್ ಮಾಸ್ಕ್‌ಗಳಿವೆ. ಕೂದಲು, ಹೊಗೆ, ಮಸುಕಾದ ಅಂಚು, ಒಬ್ಬರ ಮೇಲೊಬ್ಬರು ದಾಟುವ ಜನ ಬಂದಲ್ಲಿ ಇನ್ನೂ ಕೈಕೆಲಸ ಬೇಕು, ಆದರೆ ನಿಂತ ಕಾರಿನ ರೋಟೊ ಮಾಡಿ ಹೊಟ್ಟೆ ಹೊರೆಯುವ ಕಾಲ ಮುಗಿಯುತ್ತಿದೆ. ವೆಂಡರ್ ಆಯ್ಕೆ ಮಾಡುವಾಗ ‘ಒಂದೂವರೆ ವರ್ಷದಲ್ಲಿ ರೋಟೊದಿಂದ ಪೇಂಟ್‌ಗೆ ಅಥವಾ ಕಾಂಪ್‌ಗೆ ಹೋದವರು ನಿಮ್ಮಲ್ಲಿ ಎಷ್ಟು ಜನ?’ ಎಂದು ಕೇಳಿ. ಒಬ್ಬರೂ ಇಲ್ಲದಿದ್ದರೆ ಅದು ಮೆಟ್ಟಿಲಲ್ಲ, ಜಗಲಿ.

ಕನ್ನಡ ಮತ್ತು ನೆರೆಭಾಷೆಯ ಸಿನಿಮಾ ಮಾಡುವ ಸ್ಟುಡಿಯೋ

ಹತ್ತು ಹದಿನೈದು ಜನರ ತಂಡ. ಇಲ್ಲಿ ಒಬ್ಬನೇ ಆರ್ಟಿಸ್ಟ್ ಹಗ್ಗ ಅಳಿಸುತ್ತಾನೆ, ಆಕಾಶ ಬದಲಿಸುತ್ತಾನೆ, ಬಂದೂಕಿನ ಬೆಂಕಿ ಹಾಕುತ್ತಾನೆ, ಸೆಟ್ಟಿನ ಮೇಲೆ ಇನ್ನೆರಡು ಅಂತಸ್ತು ಏರಿಸುತ್ತಾನೆ. ಶಾಟ್ ಪೂರ್ತಿ ನಿಮ್ಮದು, ಸಿನಿಮಾ ಬೇಗ ತೆರೆಗೆ ಬರುತ್ತದೆ, ಬ್ರೇಕ್‌ಡೌನ್ (ಶಾಟ್ ಹೇಗೆ ಮಾಡಿದಿರಿ ಎಂದು ತೋರಿಸುವ ವಿಡಿಯೋ) ಹಾಕಲು ನಿರ್ಮಾಪಕರೇ ಖುಷಿಯಿಂದ ಒಪ್ಪುತ್ತಾರೆ, ಪ್ರಚಾರವಾಗುತ್ತದಲ್ಲ. ರೀಲ್ ಲೆಕ್ಕದಲ್ಲಿ ಐದರಲ್ಲಿ ಇದೇ ಮೇಲು.

ಕೆಡುವುದು ಎಲ್ಲಿ? ಪ್ಲೇಟ್‌ನಲ್ಲಿ ಮತ್ತು ದುಡ್ಡಿನಲ್ಲಿ. ಸೆಟ್ಟಿಗೆ ವಿಎಫ್‌ಎಕ್ಸ್ ಸೂಪರ್‌ವೈಸರ್ ಹೋಗದಿದ್ದರೆ ಹಸಿರು ಬಟ್ಟೆಗೆ ನಟನನ್ನು ಅಂಟಿಸಿ ನಿಲ್ಲಿಸುತ್ತಾರೆ, ಹಸಿರು ಬೆಳಕು ಕಿವಿ, ಭುಜದ ಮೇಲೆಲ್ಲ ಚೆಲ್ಲುತ್ತದೆ, ಬಟ್ಟೆಯಲ್ಲಿ ಸುಕ್ಕು, ಟ್ರ್ಯಾಕಿಂಗ್ ಗುರುತು ಕೂದಲಿನ ಹಿಂದೆ. ಹಸಿರನ್ನು ತೆಗೆಯುವ ಕೀಯರ್ ಕೈಕೊಟ್ಟು ಒಂದು ದಿನದ ಕಾಂಪ್ ನಾಲ್ಕು ದಿನದ ರೋಟೊ ಆಗುತ್ತದೆ. ಬಿಡ್ ಮಾತ್ರ ಒಂದು ದಿನದ್ದೇ. ಅದರ ಮೇಲೆ ಬಿಡುಗಡೆ ದಿನಾಂಕ. ದಸರೆಗೋ ಸಂಕ್ರಾಂತಿಗೋ ಪೋಸ್ಟರ್ ಬಿದ್ದ ಮೇಲೆ ದಿನ ಮುಂದಕ್ಕೆ ಹೋಗುವುದಿಲ್ಲ. ಚಿತ್ರೀಕರಣ ತಡವಾದ ಪ್ರತಿ ದಿನವೂ ಪೋಸ್ಟ್ ಪ್ರೊಡಕ್ಷನ್ನಿನಿಂದ ಕಳೆಯುತ್ತದೆ. ಸೆನ್ಸಾರ್ ಪ್ರತಿಗೆ ಒಮ್ಮೆ, ಅಂತಿಮ ಪ್ರತಿಗೆ ಇನ್ನೊಮ್ಮೆ ರಾತ್ರಿಯೆಲ್ಲ ಕೂರುವುದು ಇಲ್ಲಿ ಮಾಮೂಲು.

ದುಡ್ಡು ಕಂತಿನಲ್ಲಿ ಬರುತ್ತದೆ. ಕೊನೆಯ ಕಂತು ಬಿಡುಗಡೆಯ ನಂತರ ಎಂದಿದ್ದರೆ, ಸಿನಿಮಾ ಓಡದಿದ್ದಾಗ ಅದು ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಸ್ಟುಡಿಯೋ ಒಡೆಯನ ಕೈ ಖಾಲಿಯಾದರೆ ನಿಮ್ಮ ಸಂಬಳ 10ನೇ ತಾರೀಕು, ಆಮೇಲೆ 25. ಹಾಗಾಗಿ ಇಂಥಲ್ಲಿ ಸೇರುವವರು ಮಾಲೀಕರನ್ನು ಕೇಳಬೇಕಾದ್ದು ಒಂದೇ: ಅಂತಿಮ ಫೈಲ್ ಕೊಡುವುದು ಪೂರ್ತಿ ಹಣ ಬಂದ ಮೇಲೋ, ಮುಂಚೆಯೋ? ಹಣ ಬಂದ ಮೇಲೆ ಎನ್ನುವವರ ಬಳಿ ಸಂಬಳ ನಿಲ್ಲುವ ಸಾಧ್ಯತೆ ಕಡಿಮೆ.

ಫ್ರೀಲಾನ್ಸ್

ಐದು ವರ್ಷ ಕಾಂಪ್ ಅಥವಾ ಎಫ್‌ಎಕ್ಸ್ (ಬೆಂಕಿ, ಹೊಗೆ, ನೀರು) ಮಾಡಿ, ಮೂರ್ನಾಲ್ಕು ಸೂಪರ್‌ವೈಸರ್‌ಗಳ ನಂಬರ್ ಕೈಯಲ್ಲಿದ್ದವರಿಗೆ ಇದು ನಿಜಕ್ಕೂ ಒಳ್ಳೆಯದು. ಹೊಸಬರಿಗೆ ಅಲ್ಲ, ತಪ್ಪು ತೋರಿಸುವ ಲೀಡ್ ಇಲ್ಲದೆ ಕೈ ತಿದ್ದುವುದಿಲ್ಲ.

ಇಲ್ಲಿ ರೀಟೇಕ್ ಯಾರ ತಲೆಗೆ ಎಂಬುದನ್ನು ನೀವೇ ಬರೆಯಬಹುದು. ಬರೆಯದಿದ್ದರೆ ಅದು ನಿಮ್ಮ ತಲೆಗೇ. ಒಂದು ಪುಟದ ಮೇಲ್ ಸಾಕು: ಶಾಟ್ ಸಂಖ್ಯೆ ಮತ್ತು ಫ್ರೇಮ್ ರೇಂಜ್, ಎರಡೂ ಬದಿಯ ಹ್ಯಾಂಡಲ್ (ಶಾಟ್‌ನ ಆಚೀಚೆಯ ಹೆಚ್ಚುವರಿ ಭಾಗ) ಎಷ್ಟು ಫ್ರೇಮ್, ದರ, ಎರಡು ಸುತ್ತಿನ ತಿದ್ದುಪಡಿ ಉಚಿತ, ಮೂರನೆಯದರಿಂದ ದಿನಕ್ಕೆ ಇಷ್ಟು, ಪ್ಲೇಟ್ ಅಥವಾ ಎಡಿಟ್ ಬದಲಾದರೆ ಹೊಸ ಬಿಡ್, ಮುಂಗಡ ಶೇ 40. ಮೊದಲು ವಾಟರ್‌ಮಾರ್ಕ್ ಇರುವ ಎಚ್‌ಡಿ ಮೂವಿ, ಹಣ ಬಂದ ಮೇಲೆ ಪೂರ್ಣ ಗುಣಮಟ್ಟದ ಇಎಕ್ಸ್‌ಆರ್ ಫೈಲ್. ವಾಟ್ಸ್ಆ್ಯಪ್ ವಾಯ್ಸ್ ನೋಟ್‌ನಲ್ಲಿ ಬಂದ ಬದಲಾವಣೆಯನ್ನು ‘ನೀವು ಹೇಳಿದ್ದು ಇದು, ಇದಕ್ಕೆ ಒಂದೂವರೆ ದಿನ ಹೆಚ್ಚು’ ಎಂದು ಅದೇ ಹೊತ್ತಿಗೆ ಮೇಲ್‌ನಲ್ಲಿ ಹಾಕಿ. ಜಗಳವಾದಾಗ ನಿಲ್ಲುವುದು ಮೇಲ್ ಮಾತ್ರ.

ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ, ಆನ್‌ಲೈನ್‌ನಲ್ಲಿ ಆಗುತ್ತದೆ. ಕೆಲಸ ಹಿಡಿಯುವ ಮುಂಚೆಯೇ ಮಾಡಿಸಿಕೊಂಡು ಇನ್‌ವಾಯ್ಸ್ ಮೇಲೆ ಸಂಖ್ಯೆ ನಮೂದಿಸಿ. ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಗರಿಷ್ಠ 45 ದಿನದೊಳಗೆ ಹಣ ಕೊಡಬೇಕೆಂಬುದು 2006ರ ಎಂಎಸ್‌ಎಂಇಡಿ ಕಾಯ್ದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. ವರ್ಷಕ್ಕೆ 20 ಲಕ್ಷ ರೂ. ದಾಟುವವರೆಗೆ ಸೇವೆಗಳಿಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಬೇಕಿಲ್ಲ. ಮುರಿದ ಟಿಡಿಎಸ್ ಆದಾಯ ತೆರಿಗೆ ತಾಣದಲ್ಲಿರುವ ನಿಮ್ಮ ತೆರಿಗೆ ವಿವರದಲ್ಲಿ ಕಾಣದಿದ್ದರೆ ಅವರು ಅದನ್ನು ಕಟ್ಟಿಲ್ಲ, ಅಥವಾ ರಿಟರ್ನ್‌ನಲ್ಲಿ ತೋರಿಸಿಲ್ಲ. ಮೂರು ತಿಂಗಳಿಗೊಮ್ಮೆ ನೋಡಿ.

ಖರ್ಚಿನ ಕಡೆ: ನ್ಯೂಕ್ ಇಂಡೀ ವರ್ಷಕ್ಕೆ ಸುಮಾರು 500 ಡಾಲರ್, ವರಮಾನದ ಮಿತಿಯೂ ಇದೆ. ಅಗ್ಗವಾಯಿತೆಂದು ಕೊಂಡವರು ಎಡವುವುದು ಒಂದೇ ಕಡೆ, ಅದರ ಸ್ಕ್ರಿಪ್ಟ್ (ಕೆಲಸದ ಮೂಲ ಫೈಲ್) ಎನ್‌ಕ್ರಿಪ್ಟ್ ಆಗಿರುತ್ತದೆ. ‘ಸ್ಕ್ರಿಪ್ಟ್ ಕೂಡ ಕೊಡಿ’ ಎನ್ನುವ ಸ್ಟುಡಿಯೋದ ಮಾಮೂಲು ನ್ಯೂಕ್‌ನಲ್ಲಿ ಅದು ತೆರೆಯುವುದಿಲ್ಲ. ಬರೀ ರೆಂಡರ್ ಸಾಕೆನ್ನುವ ಕ್ಲೈಂಟ್‌ಗೆ ಡಾವಿಂಚಿ ರಿಸಾಲ್ವ್ ಒಳಗಿನ ಫ್ಯೂಷನ್, ಬ್ಲೆಂಡರ್ ಕೂಡ ನಡೆಯುತ್ತದೆ. ಇಂಟರ್ನೆಟ್ ಲೆಕ್ಕ ಹಾಕಿ: 4096×2160 ಅಳತೆಯ 16 ಬಿಟ್ ಇಎಕ್ಸ್‌ಆರ್ ಕಂಪ್ರೆಸ್ ಮಾಡದಿದ್ದರೆ ಫ್ರೇಮಿಗೆ 53 ಎಂಬಿ, 120 ಫ್ರೇಮಿಗೆ 6.4 ಜಿಬಿ. 40 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ 21 ನಿಮಿಷ. ಮೂರು ಎಂಬಿಪಿಎಸ್‌ನಲ್ಲಿ ನಾಲ್ಕೂ ಮುಕ್ಕಾಲು ಗಂಟೆ. ಶಿರಸಿ, ಸುಳ್ಯದಲ್ಲಿ ಕೂತು ಕೆಲಸ ಮಾಡುವ ಆಸೆ ಇದ್ದರೆ ಮೊದಲು ಡೌನ್‌ಲೋಡ್ ಅಲ್ಲ, ಅಪ್‌ಲೋಡ್ ವೇಗ ಅಳೆಯಿರಿ. ಮಳೆಗಾಲದಲ್ಲಿ ಅಳೆಯಿರಿ. ಭದ್ರತಾ ನಿಯಮದ ಕಾರಣ ಹಾಲಿವುಡ್‌ನ ದೊಡ್ಡ ಶಾಟ್‌ಗಳು ಮನೆಗೆ ಬರುವುದು ಕಡಿಮೆ; ಬರುವುದು ಜಾಹೀರಾತು, ವೆಬ್ ಸರಣಿ, ನಮ್ಮ ಸಿನಿಮಾ.

ವಿದೇಶ

ಚುಟುಕಾಗಿ ಹೇಳಬಹುದು, ಏಕೆಂದರೆ ಈಗ ಬಾಗಿಲು ಕಿರಿದು. ವಿಎಫ್‌ಎಕ್ಸ್ ಕೆಲಸ ತೆರಿಗೆ ರಿಯಾಯಿತಿ ಸಿಗುವ ಕಡೆ ಹರಿಯುತ್ತದೆ. ಕ್ವಿಬೆಕ್ 2024ರ ಬಜೆಟ್ಟಿನಲ್ಲಿ ತನ್ನ ರಿಯಾಯಿತಿಗೆ ಮಿತಿ ಹಾಕಿತು, ಮಾಂಟ್ರಿಯಲ್‌ನಲ್ಲಿ ಕೆಲಸಗಳು ಕರಗಿದವು. ಬ್ರಿಟನ್ 2025ರಿಂದ ವಿಎಫ್‌ಎಕ್ಸ್ ಖರ್ಚಿಗೆ ರಿಯಾಯಿತಿಯನ್ನು ಶೇ 39ಕ್ಕೆ ಏರಿಸಿತು. ಆದರೆ ಅಲ್ಲಿನ ಸ್ಕಿಲ್ಡ್ ವರ್ಕರ್ ವೀಸಾದ ಸಾಮಾನ್ಯ ಸಂಬಳದ ಮಿತಿ 2025ರ ಜುಲೈಯಲ್ಲಿ 41,700 ಪೌಂಡ್‌ಗೆ ಹೋಯಿತು. ಜೂನಿಯರ್‌ಗೆ ಅಷ್ಟು ಕೊಡುವವರು ಕಡಿಮೆ. ವೀಸಾ ಕೆಲಸಕ್ಕೆ ಕಟ್ಟಿರುತ್ತದೆ. ಕೆಲಸ ಹೋದರೆ ಸಾಮಾನ್ಯವಾಗಿ 60 ದಿನದೊಳಗೆ ಇನ್ನೊಬ್ಬ ಪ್ರಾಯೋಜಕ ಸಿಗಬೇಕು, ಇಲ್ಲವೇ ವಾಪಸ್. ಆರು ತಿಂಗಳ ಶೋ ಕಾಂಟ್ರಾಕ್ಟ್‌ಗೆ ಸಾಲ ಮಾಡಿ, ಸಂಸಾರ ಸಮೇತ ಹೋಗುವುದು ಬೇಡ. ಸೀನಿಯರ್ ಎಫ್‌ಎಕ್ಸ್, ಸಿಎಫ್‌ಎಕ್ಸ್ (ಪಾತ್ರಗಳ ಬಟ್ಟೆ, ಕೂದಲು), ಪೈಪ್‌ಲೈನ್ ಟಿಡಿ (ತಾಂತ್ರಿಕ ನಿರ್ದೇಶಕ) ಗಳಿಗೆ ಇನ್ನೂ ಬೇಡಿಕೆ ಇದೆ, ಅವರು ಹೋಗಬಹುದು.

ಸಂಘಟನೆಯ ವಿಷಯದಲ್ಲಿ ಅಲ್ಲಿಗೂ ಇಲ್ಲಿಗೂ ಅಂತರವಿದೆ. 2023ರ ಸೆಪ್ಟೆಂಬರಿನಲ್ಲಿ ಮಾರ್ವೆಲ್‌ನ ವಿಎಫ್‌ಎಕ್ಸ್ ಕೆಲಸಗಾರರು ಒಮ್ಮತದಿಂದ ಐಎಟಿಎಸ್‌ಇ ಯೂನಿಯನ್‌ಗೆ ಮತ ಹಾಕಿದರು. ಅವರು ಮಾರ್ವೆಲ್ ನೇರವಾಗಿ ನೇಮಿಸಿಕೊಂಡವರು, ವೆಂಡರ್‌ಗಳವರಲ್ಲ, ಹಾಗಾಗಿ ಅದರ ನೆರಳು ಬೆಂಗಳೂರಿನ ಫ್ಲೋರ್‌ಗೆ ಬೀಳದು. ಕರ್ನಾಟಕ ಸರ್ಕಾರ ಐಟಿ ಜೊತೆಗೆ ಅನಿಮೇಷನ್, ಗ್ರಾಫಿಕ್ಸ್ ಸಂಸ್ಥೆಗಳಿಗೂ ಕೆಲಸದ ಷರತ್ತುಗಳನ್ನು ಬರೆದಿಡಬೇಕೆನ್ನುವ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ಕೊಟ್ಟಿದ್ದ ವಿನಾಯಿತಿಯನ್ನು 2024ರಲ್ಲಿ ಮತ್ತೆ ಐದು ವರ್ಷಕ್ಕೆ ಮುಂದುವರಿಸಿತು. ಸಂಬಳ ಬಾಕಿಯಾದರೆ ಇಲ್ಲಿ ಬಾಗಿಲು ಬಡಿಯಬಹುದಾದ ಜಾಗಗಳು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಮತ್ತು ಐಟಿ, ಐಟಿಇಎಸ್ ನೌಕರರ ಸಂಘವಾದ ಕೆಐಟಿಯು.

ಯಾರಿಗೆ ಯಾವುದು

ಮನೆಗೆ ತಿಂಗಳು ತಿಂಗಳು ದುಡ್ಡು ಕಳಿಸಲೇಬೇಕು, ಕೈಯಲ್ಲಿ ಉಳಿತಾಯ ಇಲ್ಲ ಎನ್ನುವವರು ದೊಡ್ಡ ಶಾಖೆಯನ್ನೇ ನೋಡಿ. ಸಿಗದಿದ್ದರೆ ಪಿಎಫ್ ಹೊತ್ತಿಗೆ ಕಟ್ಟುವ, ಬಾಂಡ್ ಇಲ್ಲದ ವೆಂಡರ್. ಒಂದೂವರೆ ವರ್ಷದ ಗುರಿ ಇಟ್ಟುಕೊಂಡು. ಅಪ್ಪ ಅಮ್ಮನ ಮನೆ ಬೆಂಗಳೂರಿನಲ್ಲೇ ಇದ್ದು ಬಾಡಿಗೆಯ ಚಿಂತೆ ಇಲ್ಲದವರು ಸಿನಿಮಾ ಸ್ಟುಡಿಯೋಗೆ ಸೇರಿ, ಎರಡು ಚಿತ್ರ ಮುಗಿಸಿ, ಆ ರೀಲ್ ಹಿಡಿದು ದೊಡ್ಡ ಶಾಖೆಗೆ ಕಾಂಪ್ ಆರ್ಟಿಸ್ಟ್ ಆಗಿಯೇ ಹೋಗುವುದು ರೋಟೊದಿಂದ ಹತ್ತುವುದಕ್ಕಿಂತ ಬೇಗ. ಚಿಕ್ಕ ಮಗು ಇರುವವರು, ರಾತ್ರಿ ಪಾಳಿ ಆಗದವರು ಲಂಡನ್ ಶೋಗಳಿರುವ ತಂಡ ಕೇಳಿ, ಇಲ್ಲವೇ ಜಾಹೀರಾತಿನ ಕಡೆ ತಿರುಗಿ. ಅಲ್ಲೂ ರಾತ್ರಿಗಳಿವೆ, ಆದರೆ ಎರಡು ವಾರಕ್ಕೆ ಮುಗಿಯುತ್ತವೆ. ಟೆಕ್ನಿಕಲರ್‌ನಂಥ ಕಡೆ ಎಂಟು ಹತ್ತು ವರ್ಷ ದುಡಿದವರಿಗೆ ಅರ್ಧ ಸಂಬಳದ ಆಫರ್ ಬಂದರೆ ತಕ್ಷಣ ಒಪ್ಪಬೇಡಿ. ಆರು ತಿಂಗಳ ಖರ್ಚು ಕೈಯಲ್ಲಿದ್ದರೆ ಫ್ರೀಲಾನ್ಸ್ ಮಾಡುತ್ತ ಕಾಯಬಹುದು. ಇಲ್ಲದಿದ್ದರೆ ಒಪ್ಪಿ, ಆದರೆ ನೋಟಿಸ್ ಅವಧಿ 30 ದಿನಕ್ಕೆ ಇಳಿಸಿಕೊಳ್ಳಿ. ಸಂಬಳ ಏರಿಸಲು ಒಪ್ಪದ ಎಚ್‌ಆರ್ ಇದಕ್ಕೆ ಒಪ್ಪುವುದುಂಟು, ಮತ್ತು 90 ದಿನದ ನೋಟಿಸ್ ಇರುವ ಕಾಂಪ್ ಆರ್ಟಿಸ್ಟ್‌ಗಾಗಿ ಯಾವ ಶೋ ಕೂಡ ಕಾಯುವುದಿಲ್ಲ.